ಬೆರಳು ಜಾರಿದ ದಿನ

ಪೆನ್ನು ಹಿಡಿದು ಹೊರಗೆ ಬಂದವಳು ಗೇಟಿಗೆ ಅಂಟಿಸಿದ್ದ ಕಾಗದದ ಮುಂದೆ ನಿಂತು, 'ಗಮಾಸ್ತರು ತೀರಿಕೊಂಡರು' ಎಂದಿದ್ದಲ್ಲಿ ಮೊದಲಕ್ಷರಕ್ಕೆ ಒಂದು ಕೊಂಬು ಎಳೆದಳು. ಗಂಡನ ಸಾವಿನ ಸುದ್ದಿಯಲ್ಲೂ ತಪ್ಪು! ಒಳಗೆ ಪೆಟ್ಟಿಗೆಯಲ್ಲಿ ಮಲಗಿರುವ ಮನುಷ್ಯ ಇದನ್ನು ಕಂಡಿದ್ದರೆ ಎದ್ದು ಬಂದು, ತಿದ್ದಿ, ಮತ್ತೆ ಹೋಗಿ ಮಲಗುತ್ತಿದ್ದರು.

"ಅಮ್ಮಾ, ಇವತ್ತಾದ್ರೂ ಬಿಡಬಾರ್ದಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು.

"ನಾನು ಬಿಟ್ರೂ ನಿಮ್ಮಪ್ಪ ಬಿಡಲ್ಲ ಕಣೆ."

ಜಿಲ್ಲಾ ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದೇ 'ಕೊಂಬಿನ ಗುಮಾಸ್ತರು' ಎಂದು. ಮದುವೆಯ ಕರೆಯೋಲೆ ಕೊಡಲು ಬಂದವರಿಗೂ ಬಿಟ್ಟುಹೋದ ಕೊಂಬು, ದೀರ್ಘಗಳನ್ನು ತೋರಿಸಿಯೇ ಕಾಫಿ ಕೊಡಿಸುತ್ತಿದ್ದರು. "ಊರಿನ ಅಕ್ಷರಕ್ಕೆಲ್ಲ ಕೊಂಬು ಹಚ್ತೀರಿ, ಕಚೇರೀಲಿ ನಿಮಗೇ ಒಂದು ಕೊಂಬು ಮೂಡಲಿಲ್ಲ" ಎಂದು ಅವಳು ಎಷ್ಟು ಸಲ ಚುಚ್ಚಿದ್ದಳೋ, ಲೆಕ್ಕವಿಲ್ಲ.

ಪೆನ್ನಿನ ಮುಚ್ಚಳ ಹಾಕಿ ತಲೆಯೆತ್ತಿದಾಗ ರಸ್ತೆಯ ಆಚೆ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ತಮ್ಮ ನಿಂತಿದ್ದ. ಅವಳ ಒಡಹುಟ್ಟಿದ ಒಬ್ಬನೇ ತಮ್ಮ. ಇಪ್ಪತ್ತೆಂಟು ವರ್ಷದಿಂದ ಈ ಗೇಟು ದಾಟಿರಲಿಲ್ಲ. ಅವನನ್ನು ಕಂಡದ್ದೇ ಬೆಳಗಿನಿಂದ ತಡೆದಿದ್ದ ಅಳು ಅವಳಿಗೆ ಒತ್ತರಿಸಿಕೊಂಡು ಬಂತು.

"ಒಳಗೆ ಬಾರೋ."

ಅವನು ಗೇಟಿನವರೆಗೆ ಬಂದ. "ಇಲ್ಲೇ ಇರ್ತೀನಿ ಅಕ್ಕ. ಹೊರಟ ಮೇಲೆ ಎಲ್ಲರ ಹಿಂದೆ ಬರ್ತೀನಿ."

"ಹಿಂದೆ ಯಾಕೆ? ಮುಂದೆ ಬಲಗಡೆ ಹೆಗಲು ನಿಂದೇ. ಯಾರಿಗೂ ಕೊಟ್ಟಿಲ್ಲ ನಾನು."

"ನಿನಗೋಸ್ಕರ ಬಂದೆ. ಅವರನ್ನ ಹೊರೋದು ನನ್ನಿಂದ ಆಗಲ್ಲ. ಸುಮ್ಮನೆ ಹೆಗಲು ಕೊಟ್ರೆ ಅದೂ ಸುಳ್ಳಾಗುತ್ತೆ."

ಹನ್ನೊಂದಕ್ಕೆ ಹೊರಡಬೇಕು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಗಂಡ ಹೋದದ್ದನ್ನು ಹೇಗೋ ತಡೆದುಕೊಂಡಾಳು; ಇವರಿಬ್ಬರ ಮುನಿಸು ಮುಗಿಯದೆಯೇ ಅವರನ್ನು ಮಣ್ಣು ಮಾಡುವುದನ್ನು ಅವಳಿಂದ ಸಹಿಸಲಾಗದು.

*

ಇಪ್ಪತ್ತೆಂಟು ವರ್ಷದ ಹಿಂದೆ ತಮ್ಮನಿಗೆ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆ ಅದ್ದುವ ಕೆಲಸ. ಕುದಿಯುವ ತೊಟ್ಟಿಗೆ ಬಿದ್ದು ಒಬ್ಬ ಸತ್ತ. ತೊಟ್ಟಿಗಳ ಸುತ್ತ ಕಂಬಿ ಹಾಕಿಸಿ ಎಂದು ಇನ್ನೂರು ಜನ ಕೆಲಸ ಬಿಟ್ಟು ಕಾರ್ಖಾನೆಯ ಬಾಗಿಲಲ್ಲಿ ಕುಳಿತರು. ಮೂರನೆಯ ದಿನ ನಾಲ್ಕು ಕಲ್ಲು ಬಿದ್ದವು. ಪೊಲೀಸರು ಇನ್ನೂ ಮಾತಾಡುತ್ತಿದ್ದಾಗಲೇ ಮಾಲೀಕ ಎಲ್ಲಿಗೋ ಫೋನು ಮಾಡಿದ, ಅಲ್ಲಿಂದ ಜಿಲ್ಲೆಯ ಸಾಹೇಬರಿಗೆ ಫೋನು ಬಂತು: ಸೈನ್ಯ ಕರೆಸಿ.

ಸೈನ್ಯ ತಾನಾಗಿ ಊರೊಳಗೆ ಇಳಿಯುವಂತಿಲ್ಲ. ಪೊಲೀಸರ ಕೈ ಸೋತಿದೆ, ನೆರವಿಗೆ ಬನ್ನಿ ಎಂದು ಸಾಹೇಬರು ಬರೆದು ಕೇಳಬೇಕು. ಆ ಕಾಗದ ಟೈಪ್ ಮಾಡಿದವರು ಗುಮಾಸ್ತರು. ಸೈನ್ಯ ಬರುವ ಮೊದಲೇ ಮುಷ್ಕರ ಮುಗಿಯಿತು, ನಿಜ. ಆದರೆ ವಾರದ ಮೇಲೆ ಕಾಗದದ ನಕಲು ಕಾರ್ಮಿಕರ ಕೈಗೆ ಸಿಕ್ಕಿತು. ಕೆಳಗೆ ಎಡಮೂಲೆಯಲ್ಲಿ ಟೈಪ್ ಮಾಡಿದವರ ಗುರುತು ಇತ್ತು.

"ನನ್ನೆದೆಗೆ ಬಂದೂಕು ಹಿಡಿಸೋಕೆ ಹೊರಟಿದ್ರಲ್ಲ ಭಾವಾ!" ಎಂದು ತಮ್ಮ ಇದೇ ಅಂಗಳದಲ್ಲಿ ಕೂಗಾಡಿದ.

ಅವರು ಕನ್ನಡಕ ಒರೆಸುತ್ತ, "ಟೈಪ್ ಮಾಡಿದ್ದು ನಾನೇ" ಎಂದರು. ಕನ್ನಡಕ ಹಾಕಿಕೊಂಡು ಒಳಗೆ ಹೋದರು.

ಅದೇ ವಾರ ಅವರನ್ನು ಹಳೆಯ ಕಡತಗಳ ಕೋಣೆಗೆ ತಳ್ಳಿದರು. ಯಾಕೆ ಎಂದು ಹೆಂಡತಿ ಕೇಳಿದರೆ, "ಒಂದು ಕಾಗದದಲ್ಲಿ ಬೆರಳು ಜಾರಿತು" ಎಂದರು. ಇನ್ನೇನು ಸಿಗಲಿದ್ದ ಬಡ್ತಿ ತಪ್ಪಿತು, ನಿವೃತ್ತಿಯವರೆಗೂ ಸಿಗಲಿಲ್ಲ. ಎಲ್ಲರ ತಪ್ಪು ತಿದ್ದುವವರಿಗೆ ತಮ್ಮದೇ ಬೆರಳು ಹಿಡಿದುಕೊಳ್ಳಲು ಆಗಲಿಲ್ಲವಲ್ಲ ಎಂದು ಅವಳು ಹಂಗಿಸಿದಾಗಲೆಲ್ಲ ನಗುತ್ತಿದ್ದರು. ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

*

ಹತ್ತೂವರೆಗೆ ಒಬ್ಬ ಎತ್ತರದ ಮನುಷ್ಯ ಬಂದು ಪೆಟ್ಟಿಗೆಯ ಮುಂದೆ ನೆಟ್ಟಗೆ ನಿಂತ. ಬೆನ್ನು ನೋಡಿದರೇ ಸೈನ್ಯದವನೆಂದು ಹೇಳಬಹುದಿತ್ತು.

"ನಿಮ್ಮ ಯಜಮಾನರಿಗೆ ಪ್ರತಿ ವರ್ಷ ಕಾಗದ ಬರೀತಿದ್ದೆನಮ್ಮ. ತಪ್ಪು ತಿದ್ದಿ ವಾಪಸ್ ಕಳಿಸ್ತಿದ್ರು."

"ಓ, ಕ್ಯಾಪ್ಟನ್ನಾ? ಆ ಲಕೋಟೆ ಬಂದ್ರೆ ಕೆಂಪು ಪೆನ್ಸಿಲ್ ಹುಡುಕೋರು. ನೀವು ಎಲ್ಲಿ ಪರಿಚಯ ಅಂತ ಒಂದಿನಾನೂ ಹೇಳಲಿಲ್ಲ."

"ಬಣ್ಣದ ಕಾರ್ಖಾನೆ ಗಲಾಟೆ ದಿನ. ಮೂರು ಲಾರಿ ತುಂಬ ಹುಡುಗರನ್ನ ಕೂರಿಸ್ಕೊಂಡು, ಇಂಜಿನ್ ಚಾಲೂ ಮಾಡಿ ಕಾಯ್ತಿದ್ದೆ. ಇವರು ಸೈಕಲ್‌ನಲ್ಲಿ ಕಾಗದ ತಂದ್ರು. 'ಪೊಲೀಸರ ನೆರವಿಗೆ' ಅಂತ ಇರಬೇಕಾದ ಕಡೆ..."

"ತಡೀರಿ" ಎಂದಳು ಅವಳು. ಅವನ ತೋಳು ಹಿಡಿದು, ಮಗಳು ಕಣ್ಣರಳಿಸುತ್ತಿದ್ದಂತೆಯೇ, ಅಂಗಳ ದಾಟಿಸಿ ಗೇಟಿಗೆ ಕರೆತಂದಳು. "ಇಲ್ಲಿ ಹೇಳಿ. ಜೋರಾಗಿ ಹೇಳಿ. ಇವನು ನನ್ನ ತಮ್ಮ, ಆವತ್ತು ಆ ಬಾಗಿಲಲ್ಲಿ ಕೂತಿದ್ದವನು."

ಕ್ಯಾಪ್ಟನ್ ಗೇಟಿನಾಚೆ ನಿಂತವನನ್ನು ನೋಡಿದ. ದನಿ ತಗ್ಗಿಸಿಯೇ ಹೇಳಿದ.

"'ಪೊಲೀಸರ ಬದಲಿಗೆ' ಅಂತ ಇತ್ತು. ಬದಲಿಗೆ ಅಂದ್ರೆ ಜನಾನ ಹಿಡಿಯೋರೂ ನಾವೇ, ಮನೆ ಜಾಲಾಡೋರೂ ನಾವೇ. ಹಾಗೆ ನಮ್ಮನ್ನ ಕರೆಯೋ ಅಧಿಕಾರ ಸಾಹೇಬರಿಗೂ ಇಲ್ಲ, ಆ ಕಾಗದ ಹಿಡ್ಕೊಂಡು ಶಿಬಿರದ ಗೇಟು ದಾಟೋ ಅಧಿಕಾರ ನನಗೂ ಇಲ್ಲ. ಸಾಹೇಬರು ಓದದೇ ಸಹಿ ಹಾಕಿದ್ರು. ನಾನು, 'ಹೊಡೆದು ಹಾಕಿ ತಿದ್ದಿಕೊಡಿ, ಹೊರಡ್ತೀವಿ' ಅಂದೆ. ಇವರು, 'ತಿದ್ದಿದ ಕಾಗದದ ಮೇಲೆ ಸೈನ್ಯ ಹೊರಡಬಾರದು ಸಾರ್. ಹೊಸ ಕಾಗದ, ಹೊಸ ಸಹಿ ಆಗಬೇಕು' ಅಂದ್ರು. ಅವರ ಮುಖ ನೋಡಿದೆ. ನನಗಾಗ ಇಪ್ಪತ್ತೇಳು ವರ್ಷ. ಇಂಜಿನ್ ಆರಿಸಿ ಅಂದೆ."

"ಆಮೇಲೆ?" ಎಂದ ತಮ್ಮ, ಗೇಟಿನ ಕಂಬಿ ಹಿಡಿದು.

"ಸೈಕಲ್ ಏರಿದ್ರು. ಅಷ್ಟು ನಿಧಾನವಾಗಿ ಸೈಕಲ್ ತುಳಿಯೋ ಮನುಷ್ಯನ್ನ ನಾನು ಮತ್ತೆ ನೋಡಿಲ್ಲ! ಸಾಹೇಬರು ಅತಿಥಿಗೃಹದಲ್ಲಿರೋದು ಊರಿಗೇ ಗೊತ್ತು; ಇವರು ಮಾತ್ರ ಊರೆಲ್ಲ ಹುಡುಕಿದ್ರಂತೆ. ಸರಿಯಾದ ಕಾಗದ ಬರೋ ಹೊತ್ತಿಗೆ ನಾಲ್ಕು ತಾಸು ಕಳೆದಿತ್ತು. ಸೈನ್ಯ ಬರೋದು ಕಾಣದೆ ನಿಮ್ಮ ಮಾಲೀಕ ತಾನೇ ಮಾತಿಗೆ ಬಂದಿದ್ದ."

"ನಮ್ಮ ಘೋಷಣೆಗೆ ಹೆದರಿ ನೀವು ಬರಲಿಲ್ಲ ಅಂದ್ಕೊಂಡಿದ್ವಿ" ಎಂದ ತಮ್ಮ. ನಗಲು ಹೋದ, ಆಗಲಿಲ್ಲ. "ಆದ್ರೂ... ಬೆರಳು ಜಾರಿದ್ದಿರಬಹುದಲ್ಲ?"

ಅವಳು ಕೈಯಲ್ಲೇ ಇದ್ದ ಪೆನ್ನಿನಿಂದ ಗೇಟಿನ ಕಾಗದದ ಅಂಚಿನಲ್ಲಿ ಒಂದರ ಕೆಳಗೊಂದು ಬರೆದಳು: ನೆರವಿಗೆ. ಬದಲಿಗೆ.

"ಎಣಿಸು. ಬೆರಳು ಜಾರಿದ್ರೆ ಒಂದಕ್ಷರ ತಪ್ಪುತ್ತೆ. ಮೂರು ಅಕ್ಷರ ಸಾಲಾಗಿ ತಪ್ಪಿ, ಇನ್ನೊಂದು ಪದ ಆಗುತ್ತೇನೋ? ಅದೂ ಆ ಮನುಷ್ಯನಿಗೆ?"

ತಮ್ಮ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಎಣಿಸಿದ.

"ನನಗೊಂದು ಮಾತು ಹೇಳಬಹುದಿತ್ತಲ್ಲಕ್ಕ, ಭಾವ."

"ಹೇಳಿದ್ರೆ ಅವತ್ತು ಕೆಲಸ ಹೋಗ್ತಿತ್ತು, ಜೈಲೂ ಆಗ್ತಿತ್ತೋ ಏನೋ. ಆಮೇಲೆ ಕೇಳೋಕೆ ನೀನು ಬರಲಿಲ್ಲ. ಮನೇಲಿದ್ದ ನಾನೇ ಕೇಳಲಿಲ್ಲ, ಬರೀ ಹಂಗಿಸಿದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ತಪ್ಪು ಮಾಡೋಕೆ ಅವರಿಗೆ ಎಷ್ಟು ಸಂಕಟ ಆಗಿರಬೇಕು ನೋಡು."

*

ಹನ್ನೊಂದಕ್ಕೆ ಪೆಟ್ಟಿಗೆ ಎತ್ತಿದರು. ಹಿಂದೆ ಅಳಿಯ ಮತ್ತು ಕಚೇರಿಯ ಜವಾನ. ಮುಂದೆ ಎಡಕ್ಕೆ ಕ್ಯಾಪ್ಟನ್, ಬಲಕ್ಕೆ ತಮ್ಮ. ತಮ್ಮನ ತಲೆ ಕ್ಯಾಪ್ಟನ್ನನ ಹೆಗಲಿಗೂ ಬರುತ್ತಿರಲಿಲ್ಲ. ಪೆಟ್ಟಿಗೆ ಬಲಕ್ಕೆ ವಾಲಿತು. ಯಾರೋ, "ಜಾಗ ಬದಲಾಯಿಸ್ರಪ್ಪ, ಇದು ಸರಿಹೋಗಲ್ಲ" ಎಂದರು.

"ಬೇಡ" ಎಂದರು ಇಬ್ಬರೂ ಒಟ್ಟಿಗೇ.

ಅವಳು ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ತಮ್ಮ ತುದಿಗಾಲಿನ ಮೇಲೆ ಹೆಜ್ಜೆ ಹಾಕುತ್ತಿದ್ದ. ಪಕ್ಕದಲ್ಲಿ ಆ ಎತ್ತರದ ಸೈನಿಕ ಎರಡೂ ಮಂಡಿ ಬಗ್ಗಿಸಿಕೊಂಡು, ಪುಟ್ಟ ಮನುಷ್ಯನಾಗಿ ನಡೆಯುತ್ತಿದ್ದ. ರಸ್ತೆಯ ಕೊನೆಯವರೆಗೂ ಪೆಟ್ಟಿಗೆ ಒಂದಿಷ್ಟೂ ವಾಲಲಿಲ್ಲ.