ಕಟ್ಟಾಳಿನ ಪಟ್ಟು

ಭಾನುವಾರ ಮಧ್ಯಾಹ್ನ ಇಸ್ತ್ರಿ ಅಂಗಡಿಯ ಬಾಗಿಲು ಅರ್ಧ ಇಳಿಯುತ್ತದೆ, ಇಸ್ತ್ರಿ ಮೇಜಿನ ಮೇಲೆ ಯುದ್ಧ ಶುರುವಾಗುತ್ತದೆ. ಮೇಜಿಗೆ ಹಾಸಿದ ಕಂಬಳಿಯೇ ಭೂಮಂಡಲ. ಯಾವತ್ತೋ ಇಸ್ತ್ರಿ ಪೆಟ್ಟಿಗೆ ಎತ್ತಿಡಲು ಮರೆತು ಸುಟ್ಟ ಕಲೆಯೇ ಸರೋವರ. ಅಂಗಡಿಯವನ ಭಾವಮೈದ, ಗಣಿತದ ಮೇಷ್ಟ್ರು, ಕಥೆ ಹೇಳುತ್ತ ರಾಕ್ಷಸರನ್ನು ಛೂ ಬಿಡುತ್ತಾನೆ. ಉಳಿದವರು ಒಂದೊಂದು ವೇಷ ಹೊತ್ತು, ತಾವು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಿ ದಾಳ ಉರುಳಿಸುತ್ತಾರೆ. ಅಂಗಡಿಯವನ ಹೆಂಡತಿ ಮಾಯಗಾತಿ, ಪಕ್ಕದ ಔಷಧಿ ಅಂಗಡಿಯವನು ಕಳ್ಳ, ಅಂಗಡಿಯವನು ಕಟ್ಟಾಳು.

ಈ ಆಟದ ಮೊದಲ ನಿಯಮಪುಸ್ತಕದ ಕಾಲದಲ್ಲಿ ಕಟ್ಟಾಳಿನದು ಸುಲಭದ ಉದ್ಯೋಗ: ಎದುರು ನಿಲ್ಲುವುದು, ಏಟು ತಿನ್ನುವುದು. ಸರದಿ ಬಂದರೆ ಅವನದು ಒಂದೇ ಮಾತು, "ಹೊಡೀತೀನಿ." ದಾಳ ಕೈಕೊಟ್ಟರೆ ಸಾಯುತ್ತಿದ್ದ. ಮುಂದಿನ ವಾರ ಸತ್ತವನ ತಮ್ಮ ಅದೇ ಕತ್ತಿ ಹಿಡಿದು ಬರುತ್ತಿದ್ದ. ಆ ವಂಶದಲ್ಲಿ ತಮ್ಮಂದಿರಿಗೆ ಬರವಿರಲಿಲ್ಲ.

ಎರಡನೆಯ ಪುಸ್ತಕ ಬಂದಾಗ ಮಾಯಗಾತಿಗೆ ಬೆಂಕಿಯ ಮಳೆ ಸುರಿಸುವ ಶಕ್ತಿ ಸಿಕ್ಕಿತು, ಕಟ್ಟಾಳು ಅವಳ ಚೀಲ ಹೊರುವ ಆಳಾದ. ಅದಕ್ಕೂ ಅಂಗಡಿಯವನಿಗೆ ಬೇಜಾರಾಗಲಿಲ್ಲ. ವಾರವೆಲ್ಲ ಅವನು ಗೋಡೆಗೆ ಮುಖ ಮಾಡಿ ಇಸ್ತ್ರಿ ಹಾಕುತ್ತಾನೆ, ಹೆಂಡತಿ ಬೀದಿಗೆ ಮುಖ ಮಾಡಿ ಗಿರಾಕಿಗಳನ್ನು ಸಂಭಾಳಿಸುತ್ತಾಳೆ, ಬೆನ್ನಿಗೆ ಬೆನ್ನು. ಭಾನುವಾರ ಮಾತ್ರ ಅವನು ಅವಳ ಮುಂದೆ ಕತ್ತಿ ಹಿಡಿದು ನಿಲ್ಲುತ್ತಿದ್ದ. ಆ ಜಾಗವೆಂದರೆ ಅವನಿಗೆ ಪ್ರಾಣ. ಹಾಗೆಂದು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಆಮೇಲೆ ಮೂರನೆಯ ಪುಸ್ತಕ ಬಂತು. ಮೇಷ್ಟ್ರು ಅದನ್ನು ಬಟ್ಟೆಗಂಟಿನ ಮೇಲಿಟ್ಟು, ಕಟ್ಟಾಳು ಇನ್ನು ಸುಮ್ಮನೆ ಹೊಡೆಯುವ ಹಾಗಿಲ್ಲ, ಅವನಿಗೂ ಪಟ್ಟುಗಳು ಬಂದಿವೆ, ಪ್ರತಿ ಸರದಿಗೂ ಒಂದನ್ನು ಆರಿಸಬೇಕು ಎಂದು ಸಾರಿದ. ಎದುರಾಳಿಯನ್ನು ಎಡವಿಸುವ ಪಟ್ಟು, ಅವನ ಆಯುಧ ಜಾರಿಸುವ ಪಟ್ಟು, ಕೂಗಿ ಹೇಳಿ ತನ್ನ ಏಟನ್ನು ಜೊತೆಯವರಿಗೆ ಬಿಟ್ಟುಕೊಡುವ ಪಟ್ಟು.

"ಪಟ್ಟು ನನ್ ಹತ್ರ ಮೊದ್ಲಿಂದ್ಲೂ ಇದೆ," ಎಂದ ಅಂಗಡಿಯವನು.

"ಹೌದ್ಹೌದು," ಎಂದಳು ಹೆಂಡತಿ.

ಅದು ಆ ಪಟ್ಟಲ್ಲ, ಕುಸ್ತಿಯವರ ಪಟ್ಟು ಎಂದು ಮೇಷ್ಟ್ರು ಬಿಡಿಸಿ ಹೇಳಿದ. ಹಿಡಿಯುವ ಪಟ್ಟಿಗೂ ಹಾಕುವ ಪಟ್ಟಿಗೂ ಇರುವ ವ್ಯತ್ಯಾಸ ಅಂಗಡಿಯವನ ತಲೆಗೆ ಹೋಯಿತು, ಆದರೆ ಅಲ್ಲಿ ಕೂರಲಿಲ್ಲ.

ಮೇಷ್ಟ್ರು ಒಂದು ಮರಳಿನ ಗಡಿಯಾರವನ್ನೂ ತಂದಿದ್ದ. ಮರಳು ಇಳಿಯುವುದರೊಳಗೆ ಪಟ್ಟು ಹೇಳದಿದ್ದರೆ ಸರದಿ ಹೋಯಿತು. ಅಂಗಡಿಯವನು ಮರಳನ್ನೇ ನೋಡುತ್ತ ಕೂತ. ಮರಳು ಇಳಿಯಿತು. ಮುಂದಿನ ಭಾನುವಾರವೂ ಇಳಿಯಿತು. ಅದಕ್ಕೆ ಬೇರೆ ಕೆಲಸವಿರಲಿಲ್ಲ. ಕೊನೆಗೆ ಔಷಧಿಯವನು, ಅಣ್ಣ ಆರಾಮಾಗಿ ಕೂತು ನೋಡಲಿ, ಕಟ್ಟಾಳನ್ನೂ ತಾನೇ ಆಡಿಸುತ್ತೇನೆ ಎಂದ. ಇನ್ನೊಂದು ಸರದಿ ಕಳೆದುಕೊಂಡರೆ ಹಾಗೇ ಮಾಡೋಣ ಎಂದ ಮೇಷ್ಟ್ರು. ಹೆಂಡತಿ ತನ್ನ ಸರದಿಗೆ ದಾಳ ಎತ್ತಿಕೊಂಡಳು. ಅಂಗಡಿಯವನಿಗೆ ಅದಕ್ಕೇ ಹೆಚ್ಚು ನೋವಾಯಿತು.

ಆ ದಿನ ಸರೋವರದ ದಡದಲ್ಲಿ ದೈತ್ಯ ಎದುರಾಗಿದ್ದ. ಹಳೆಯ ಕೆಂಡದ ಪೆಟ್ಟಿಗೆಯೇ ದೈತ್ಯ, ಅಂಗಿಯ ಗುಂಡಿಗಳೇ ವೀರರು. ಕಳ್ಳ ಆಗಲೇ ಮೂರ್ಛೆ ಹೋಗಿದ್ದ. ಮಾಯಗಾತಿಯ ಮಂತ್ರಗಳೆಲ್ಲ ಖಾಲಿಯಾಗಿ ಕೈಯಲ್ಲೊಂದು ಊರುಗೋಲು ಉಳಿದಿತ್ತು. ದೈತ್ಯ ಕಟ್ಟಾಳಿನ ಎರಡೂ ಕೈಗಳನ್ನು ಅಮುಕಿ ಹಿಡಿದಿದ್ದ. ಇನ್ನೊಂದು ಏಟು ಬಿದ್ದರೆ ದೈತ್ಯನ ಕಥೆ ಮುಗಿಯಿತು, ಬೀಳದಿದ್ದರೆ ಇವರದು. ಮೇಷ್ಟ್ರು ಗಡಿಯಾರ ತಿರುವಿಟ್ಟ.

"ಹೊಡೀತೀನಿ," ಎಂದ ಅಂಗಡಿಯವನು.

"ಯಾವ ಕೈಯಲ್ಲಿ, ಭಾವ?"

ನಿಜ. ಮರಳು ಅರ್ಧ ಇಳಿದಿತ್ತು. ಅವನು ಹೆಂಡತಿಯ ಕಡೆ ನೋಡಿದ. ಮದುವೆಯಾದಾಗಿನಿಂದ ಅವಳಿಗೆ ಇದು ಮಾಡು, ಅದು ಎತ್ತು ಎಂದವನಲ್ಲ. ಭಾರದ ಗಂಟು ಕಂಡರೆ ತಾನೇ ಎತ್ತುತ್ತಿದ್ದ, ಜಗಳಗಂಟ ಗಿರಾಕಿ ಬಂದರೆ ಗೋಡೆ ಬಿಟ್ಟು ತಾನೇ ಮುಂದೆ ಬರುತ್ತಿದ್ದ. ಪ್ರೀತಿ ಎಂದರೆ ಅಷ್ಟೇ ಎಂದುಕೊಂಡಿದ್ದ.

"ನನ್ ಕೈಲಾಗಲ್ಲ ಕಣೇ," ಎಂದ. "ನೀನ್ ಹೊಡಿ."

ಮೇಷ್ಟ್ರು ಪುಟ ತಿರುವಿ, ಇದು ಕೂಗುವ ಪಟ್ಟು, ಗೊಣಗುವುದಲ್ಲ ಎಂದ. ಅಂಗಡಿಯವನು ಕೂಗಿದ. ಎದುರುಮನೆಯ ಕಿಟಕಿ ತೆರೆದುಕೊಂಡಿತು.

ಹೆಂಡತಿ ದಾಳ ಎಸೆದಳು. ಕಂಬಳಿಯ ಮೇಲೆ ಅದು ಸದ್ದಿಲ್ಲದೆ ಉರುಳಿ ನಿಂತಿತು. ಮೇಷ್ಟ್ರು ಬಗ್ಗಿ ನೋಡಿ, ಊರುಗೋಲು ದೈತ್ಯನ ಮೊಣಕಾಲಿಗೆ ಸರಿಯಾಗಿ ಬಿತ್ತು ಎಂದು ಒಪ್ಪಿಕೊಂಡ. ಕೆಂಡದ ಪೆಟ್ಟಿಗೆಯನ್ನು ಅವಳೇ ಎರಡೂ ಕೈಯಲ್ಲಿ ತಳ್ಳಿ ಸರೋವರಕ್ಕೆ ಉರುಳಿಸಿದಳು. ಆ ವಾರ ಕಟ್ಟಾಳಿನ ತಮ್ಮನ ಅಗತ್ಯ ಬೀಳಲಿಲ್ಲ.

"ಇಷ್ಟ್ ವರ್ಷ ಯಾಕ್ರೀ ಹೀಗೆ ಹೇಳ್ಲಿಲ್ಲ?" ಎಂದು ಕೇಳಿದಳು.

ಅಂಗಡಿಯವನು ಯೋಚಿಸಿದ. ಈ ಸಲ ಮರಳು ಇರಲಿಲ್ಲ.

"ಪುಸ್ತಕದಲ್ಲಿ ಇರ್ಲಿಲ್ಲ."

ಅವಳು ಮೇಷ್ಟ್ರ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಮೇಜು ಸುತ್ತಿ ಬಂದು ಗಂಡನ ಪಕ್ಕದಲ್ಲಿ ಕೂತು, ಅದನ್ನು ಅವನ ಮುಂದಿಟ್ಟು, ಇನ್ನೂ ಏನೇನಿದೆ ಓದಿ ಎಂದಳು.