ಹುಲ್ಲುಗಂಡಿಯಲ್ಲಿ ಫಾಸೆಟ್ ಮೇಷ್ಟ್ರು

ಸ್ವೇಲ್ ಕಣಿವೆಯ ಕಲ್ಲಿನ ಕೊಟ್ಟಿಗೆಗಳ ಬಗ್ಗೆ ತಮ್ಮಷ್ಟು ತಿಳಿದವರು ಇನ್ನೊಬ್ಬರಿಲ್ಲವೆಂದು ನಿವೃತ್ತ ಗಣಿತದ ಮೇಷ್ಟ್ರು ಆಂಬ್ರೋಸ್ ಫಾಸೆಟ್ ನಂಬಿದ್ದರು. ಬೇರೆ ಯಾರೂ ಹಾಗೆ ಹೇಳಿರಲಿಲ್ಲ ನಿಜ, ಆದರೆ ಯಾರೂ ಅಲ್ಲಗಳೆದೂ ಇರಲಿಲ್ಲ. ನೆಲ್ ಆಲ್ಡರ್‌ಸನ್ನಳ ಹೊಲದ ಕೊಟ್ಟಿಗೆಯ ಬಗ್ಗೆ ಅವರೊಂದು ಪುಸ್ತಕವನ್ನೇ ಬರೆದಿದ್ದರು.

ಕೆಳಗೆ ದನ, ಮೇಲೆ ಹುಲ್ಲಟ್ಟ, ಹೊರಗಿನಿಂದ ಹುಲ್ಲು ತಳ್ಳಲು ಎರಡಡಿ ದಪ್ಪದ ಗೋಡೆಯಲ್ಲೊಂದು ಚೌಕ ಗಂಡಿ. ಇಡೀ ಕಟ್ಟಡ ಒಂದೇ ಬೇಸಿಗೆಯಲ್ಲಿ ಎದ್ದದ್ದು, ಗಂಡಿಯನ್ನು ಆಳಿನ ಭುಜ ಅಳೆದೇ ಬಿಟ್ಟದ್ದು ಎಂಬುದು ಅವರ ಸಿದ್ಧಾಂತ. ಹುಲ್ಲಿನ ಧೂಳಿಗೆ ಸೀನು ಬರುತ್ತದೆಂದು ಅಟ್ಟವನ್ನು ಮಾತ್ರ ಅವರು ಒಮ್ಮೆಯೂ ಹತ್ತಿರಲಿಲ್ಲ.

ಆ ಶನಿವಾರ ಇತಿಹಾಸ ಸಂಘದ ಹನ್ನೊಂದು ಮಂದಿ ಬಂದಿದ್ದರು. ಮೇಷ್ಟ್ರು ಹೊರಗೋಡೆಗೆ ಏಣಿ ಒರಗಿಸಿ ಹತ್ತಿದರು.

"ನೋಡಿ, ಒಬ್ಬ ಆಳು ಸಲೀಸಾಗಿ ಒಳಗೆ ಹೋಗ್ತಿದ್ದ" ಎಂದು ತಲೆ ತೂರಿಸಿದರು. ಭುಜ ಹೋಯಿತು. ಹೊಟ್ಟೆ ಹೋಗಲಿಲ್ಲ. ಹಿಂದಕ್ಕೂ ಬರಲಿಲ್ಲ. ಹಳೆಯ ಕಾಲದ ಆಳುಗಳು ದಿನಕ್ಕೆರಡು ಬಾರಿ ಕೇಕು ತಿನ್ನುತ್ತಿರಲಿಲ್ಲ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನೆಲ್ ಒಳಗಿನ ಮೆಟ್ಟಿಲಿನಿಂದ ಅಟ್ಟಕ್ಕೆ ಬಂದಳು. "ಉಸಿರು ಬಿಡಿ ಮೇಷ್ಟ್ರೇ. ಕಿತ್ಕೊಂಡು ಬಂದ್ರೆ ನಮ್ ಗೋಡೆ ಹಾಳಾಗತ್ತೆ."

ಮೇಷ್ಟ್ರ ಕಣ್ಣು ಮಾತ್ರ ಒಳಗೋಡೆಯ ಮೇಲಿತ್ತು. ಗಂಡಿಯಿಂದ ಮೊಳ ದೂರದಲ್ಲಿ, ನೆಲದಿಂದ ಸೂರಿನ ತನಕ, ಕಲ್ಲುಗಳು ಗೆರೆ ಎಳೆದಂತೆ ಒಂದಕ್ಕೊಂದು ಹೆಣೆದುಕೊಳ್ಳದೆ ನಿಂತಿದ್ದವು. ಹಳೆಯ ಗೋಡೆಯ ತುದಿಗೆ ಹೊಸ ಗೋಡೆ ಆನಿಸಿದ ಗುರುತು ಅದು.

"ಈ ಸಂದು ಯಾವಾಗಿಂದ ಇದೆ?"

"ಅರ್ಧ ಕೊಟ್ಟಿಗೆ ಆಮೇಲೆ ಕಟ್ಟಿದ್ದಂತೆ, ನಮ್ಮಜ್ಜಿ ಹೇಳ್ತಿದ್ಳು. ನಿಮ್ ಪುಸ್ತಕದಲ್ಲಿ ಇಲ್ವಾ?"

"ನನಗ್ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ಬಂದಾಗಲೆಲ್ಲ ನೀವೇ ಹೇಳ್ತಿದ್ರಿ."

ಹೊರಗಿನಿಂದ, ಅವರ ಬೂಟಿನ ಹತ್ತಿರ, ಸಂಘದ ಕಾರ್ಯದರ್ಶಿ ಐಡಾ ಪೀಕಾಕ್ ಕೂಗಿದರು: "ಏನಾದ್ರೂ ಕಾಣ್ತಿದ್ಯಾ ಮೇಷ್ಟ್ರೇ?"

ಸುಮ್ಮನಿದ್ದುಬಿಡಬಹುದಿತ್ತು. ಹೊರಗಿನವರಿಗೆ ಕಾಣುತ್ತಿದ್ದದ್ದು ಅವರ ಪ್ಯಾಂಟಿನ ಹಿಂಭಾಗ ಮಾತ್ರ. ಆದರೆ ಈ ಭಂಗಿಯಲ್ಲಿ ಇನ್ನು ಉಳಿಸಿಕೊಳ್ಳಲು ಯಾವ ಮಾನವಿದೆ ಎನಿಸಿತು ಅವರಿಗೆ.

"ನನ್ನ ತಪ್ಪು ಕಾಣ್ತಿದೆ. ಮೂರನೇ ಅಧ್ಯಾಯ ಪೂರ್ತಿ ತಪ್ಪು. ಈಗ ಕಾಲು ಹಿಡಿದು ಎಳೀರಿ."

ನೆಲ್ ನೂಕಿದಳು, ಇಬ್ಬರು ಎಳೆದರು. ಕೋಟಿನ ಎರಡು ಗುಂಡಿ ಅಲ್ಲೇ ಉಳಿದವು.

ಆಮೇಲೆ ಎಲ್ಲರೂ ಅಟ್ಟ ಹತ್ತಿದರು. ನೆಲ್ ಸಂದಿನ ಮೇಲೆ ಬೆರಳಾಡಿಸುತ್ತ ಅಜ್ಜಿಯ ಮಾತುಗಳನ್ನು ಹೇಳಿದಳು, ಮೇಷ್ಟ್ರು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತರು. ಮುಕ್ಕಾಲು ಗಂಟೆಯಲ್ಲಿ ಒಬ್ಬರೂ ಗಡಿಯಾರ ನೋಡಲಿಲ್ಲ. ಮೇಷ್ಟ್ರ ಉಪನ್ಯಾಸಗಳಲ್ಲಿ ಇದು ಎಂದೂ ಆಗಿರಲಿಲ್ಲ.