ಕೇಳದೆ ತೆಗೆದ ವಿಡಿಯೊ

ಸೋಮವಾರ ಮಧ್ಯಾಹ್ನ ಟಿ.ವಿ. ಚಾನೆಲಿನಿಂದ ಫೋನ್ ಬಂದದ್ದೇ ತಡ, ನಮ್ರತಾ ಹಿಗ್ಗಿ ಹೀರೇಕಾಯಿಯಾದಳು. ‘ನೀವೇ ವರದಿಗಾರರು’ ಕಾರ್ಯಕ್ರಮಕ್ಕೆ ಅವಳು ಕಳಿಸಿದ್ದ ವಿಡಿಯೊ ಸಂಜೆ ಏಳಕ್ಕೆ ಪ್ರಸಾರವಂತೆ! ಕೋಲ್ಕತ್ತದ ಬೆಹಾಲಾದಲ್ಲಿ ಅವಳು ಬಾಡಿಗೆಗಿದ್ದ ಮನೆಯ ಹಿಂದಿನ ಕೊಳಕ್ಕೆ ಬಿಲ್ಡರನೊಬ್ಬನ ಲಾರಿಗಳು ಹಾಡಹಗಲೇ ಮಣ್ಣು ಸುರಿಯುತ್ತಿದ್ದವು. ಬೀದಿಗೆ ಬೀದಿಯೇ ಉಂಡು ಮಲಗಿದ್ದ ಭಾನುವಾರ ಮಧ್ಯಾಹ್ನ ಅವಳು ತಾರಸಿ ಹತ್ತಿ, ಹೊಸದಾಗಿ ಕೊಂಡ ಕ್ಯಾಮೆರಾ ಮೊಬೈಲಿನಲ್ಲಿ ಲಾರಿಯ ನಂಬರ್ ಸಮೇತ ಎಲ್ಲ ಹಿಡಿದಿದ್ದಳು. ಹೆಸರು ಹೇಳುವುದಿಲ್ಲವೆಂದು ಚಾನೆಲಿನವರು ಮಾತು ಕೊಟ್ಟಿದ್ದರು. ಸಾಫ್ಟ್‌ವೇರ್ ಆಫೀಸಿನಲ್ಲಿ ಅವತ್ತು ಕೆಲಸ ಮಾಡಿದವರು ಯಾರು! ಸಂದೇಶ್ ಮಿಠಾಯಿ ತರಿಸಿ ಹಂಚಿದ್ದೇ ಹಂಚಿದ್ದು.

ಪಕ್ಕದ ಮೇಜಿನ ಮಿಥುನ್, ಅವಳಂತೆಯೇ ಬೆಂಗಳೂರಿನವನು, ಬಾಯಲ್ಲಿ ಸಿಹಿಯಿಟ್ಟುಕೊಂಡೇ ವಿಡಿಯೊ ನೋಡಿದ.

"ಕೆಳಗಡೆ ಬಿಳೀದು ಏನೇ ಇದು?"

"ಆಂಟಿ ಒಣಗಿಸಿರೋ ಸಂಡಿಗೆ."

"ಬೆಹಾಲಾದಲ್ಲಿ ಇನ್ಯಾರ ಮನೆ ಮೇಲೆ ಸಂಡಿಗೆ ಇರತ್ತೆ, ಹೇಳು?"

ನಮ್ರತಾ ಕೈಯಲ್ಲಿದ್ದ ಸಿಹಿಯನ್ನು ಕೆಳಗಿಟ್ಟಳು. ಮನೆಯೊಡತಿ ತುಂಗಮ್ಮ ಮೈಸೂರಿನವರು. ಪ್ರತಿ ಬೇಸಿಗೆಯಲ್ಲೂ ಇಡೀ ಬೀದಿಗೆ, ಬಿಲ್ಡರನ ಪರ ನಿಂತ ಬೀದಿ ಕ್ಲಬ್ಬಿನ ಪುಂಡ ಹುಡುಗರಿಗೂ, ಸಂಡಿಗೆ ಕರಿದು ಹಂಚುವವರು. ಗುರುತು ಹಿಡಿಯಲು ಹೆಸರೇಕೆ ಬೇಕು? ಗಂಡ ದೂರದ ಬಿಬಿಡಿ ಬಾಗಿನಲ್ಲಿರುವ ಬ್ಯಾಂಕಿಗೆ ಕೆಲಸಕ್ಕೆ ಹೋದರೆ ದಿನವಿಡೀ ಆಕೆ ಒಬ್ಬರೇ. ತಾನಾದರೆ ನಾಳೆಯೇ ಬೇರೆ ಮನೆ ಹಿಡಿಯಬಹುದು. ಅವರು ಎಲ್ಲಿಗೆ ಹೋಗಬೇಕು?

ತಕ್ಷಣ ಚಾನೆಲಿಗೆ ಫೋನ್ ಮಾಡಿದಳು. ಆ ಮೂಲೆ ಕತ್ತರಿಸಿದರೆ ಲಾರಿಯ ನಂಬರೂ ಹೋಗುತ್ತದೆ, ಹಾಕಿದರೆ ಇದ್ದ ಹಾಗೇ ಹಾಕುತ್ತೇವೆ, ಬೇಡವಾದರೆ ಬೇಗ ಹೇಳಿ ಎಂದರು. ಟ್ಯಾಕ್ಸಿ ಹಿಡಿದು ಮನೆಗೆ ಓಡಿಬಂದಳು.

ವಿಷಯ ಕೇಳಿ ತುಂಗಮ್ಮ ಕೆಂಡಾಮಂಡಲವಾದರು.

"ನನ್ನ ತಾರಸಿ ಮೇಲೆ ನಿಂತ್ಕೊಂಡು ತೆಗ್ದಿದೀಯ, ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇನೇ? ಊರಿಗೆಲ್ಲ ಡಂಗುರ ಸಾರಿದ ಮೇಲೆ ನನ್ನ ಹತ್ರ ಬಂದ್ಯಾ?"

"ತಪ್ಪಾಯ್ತು ಆಂಟಿ. ಈಗ ಕೇಳ್ತಿದೀನಿ. ಹಾಕ್ಲಿ ಅನ್ಲಾ?"

"ಬೇಡ."

ನಮ್ರತಾ ಅವರೆದುರೇ ಫೋನ್ ಮಾಡಿ ಬೇಡವೆಂದಳು. ಅಳು ಒತ್ತರಿಸಿ ಬಂತು. ಅರ್ಧ ಕೊಳ ಆಗಲೇ ಹೋಗಿತ್ತು, ಉಳಿದದ್ದು ವಾರದೊಳಗೆ ಹೋಗುತ್ತದೆ. ಅಷ್ಟರಲ್ಲಿ ಹಿತ್ತಲಲ್ಲಿ ಇನ್ನೊಂದು ಲಾರಿ ಮಣ್ಣು ಸುರಿದ ಸದ್ದು ಕೇಳಿತು. ಅಳು ಹೋಗಿ ಸಿಟ್ಟು ನೆತ್ತಿಗೇರಿತು. ಧಡಧಡನೆ ಮೆಟ್ಟಿಲಿಳಿದು ಕೊಳದ ದಂಡೆಗೆ ಓಡಿದಳು.

ದಂಡೆಯಲ್ಲಿದ್ದ ಕ್ಲಬ್ಬಿನ ಹುಡುಗರು ಕೇರಂ ಬಿಟ್ಟು ಇವಳನ್ನೇ ನೋಡಿದರು. ಆದರೂ ಮೊಬೈಲನ್ನು ಮೊದಲು ತನ್ನ ಮುಖಕ್ಕೆ ಹಿಡಿದು, ನನ್ನ ಹೆಸರು ನಮ್ರತಾ, ಇದನ್ನು ತೆಗೆಯುತ್ತಿರುವವಳು ನಾನೇ ಎಂದು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದಳು. ಆಮೇಲೆ ಲಾರಿಯ ಕಡೆ ತಿರುಗಿಸಿದಳು.

"ದೀದಿ, ಬಂದ್ ಕರೋ!" ಎಂದು ಹುಡುಗನೊಬ್ಬ ಎದ್ದು ಬಂದ.

ಅವಳು ನಿಲ್ಲಿಸಲಿಲ್ಲ. ಹಿಂದಿನಿಂದ ಏದುಸಿರು ಬಿಡುತ್ತ ತುಂಗಮ್ಮ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಡುಗನಿಗೂ ಅವಳಿಗೂ ನಡುವೆ ನಿಂತರು.

"ಈಗ ನಾನಾಗೇ ಬಂದಿದೀನಿ," ಎಂದರು. "ನನ್ನನ್ನೂ ತೆಗಿಯೇ."